ಗ್ರಾಹಕರು ವಾರಕ್ಕೆ ಒಂದೇ ಗಂಟೆ ಸಿಕ್ಕರೆ ಅಜೈಲ್ ನಡೆಯುತ್ತದೆಯೇ?

ಪ್ರಶ್ನೆ: ನಮ್ಮ ಸಾಫ್ಟ್‌ವೇರ್ ತಂಡ ಬೆಂಗಳೂರಿನಲ್ಲಿದೆ, ಗ್ರಾಹಕರು ಕ್ಯಾಲಿಫೋರ್ನಿಯಾದಲ್ಲಿ. ವಾರಕ್ಕೆ ಒಂದು ಗಂಟೆಗಿಂತ ಹೆಚ್ಚು ಸಿಗುವುದಿಲ್ಲ. ಹೀಗಿದ್ದೂ ಅಜೈಲ್ ಮಾಡಬಹುದೇ?

ಉತ್ತರ: ಅಜೈಲ್ ಎಂದರೆ ಸಾಫ್ಟ್‌ವೇರನ್ನು ಚಿಕ್ಕ ಕಂತುಗಳಲ್ಲಿ ಕಟ್ಟುತ್ತ, ಪ್ರತಿ ಕಂತನ್ನೂ ಗ್ರಾಹಕರಿಗೆ ತೋರಿಸಿ ತಿದ್ದುತ್ತ ಹೋಗುವ ವಿಧಾನ. ಹೀಗಿದ್ದೂ ಮಾಡಬಹುದು, ಆ ಗಂಟೆಯನ್ನು ವರದಿ ಒಪ್ಪಿಸಲು ಸುರಿಯದಿದ್ದರೆ. ವ್ಯವಹಾರ ಬಲ್ಲವರೂ ಡೆವಲಪರ್‌ಗಳೂ ದಿನಾ ಜೊತೆಗೂಡಿ ಕೆಲಸ ಮಾಡಬೇಕು ಎನ್ನುವುದು 2001ರ ಅಜೈಲ್ ಪ್ರಣಾಳಿಕೆಯ 12 ತತ್ವಗಳಲ್ಲೊಂದು. ದೂರದ ತಂಡಕ್ಕೆ ಇದರರ್ಥ ಇಷ್ಟೇ: ಇಂದು ಹುಟ್ಟಿದ ಪ್ರಶ್ನೆಗೆ ನಾಳೆಯೊಳಗೆ ಉತ್ತರ ಬರಬೇಕು.

ಅದಕ್ಕೆ ಆ ಕಡೆ ಹೌದು, ಇಲ್ಲ ಎನ್ನುವ ಅಧಿಕಾರವಿರುವ ಒಬ್ಬರು ಬೇಕು. ಅಜೈಲ್‌ನ ಒಂದು ಪದ್ಧತಿಯಾದ ಸ್ಕ್ರಮ್‌ನಲ್ಲಿ ಪ್ರಾಡಕ್ಟ್ ಓನರ್, ಅಂದರೆ ಯಾವ ಕೆಲಸ ಮೊದಲು ಎಂದು ತೀರ್ಮಾನಿಸುವವರು, ಒಬ್ಬರೇ, ಸಮಿತಿಯಲ್ಲ. ಆದರೆ ಬದಲಿ ಹೆಸರನ್ನೂ ಮೊದಲೇ ಬರೆಸಿಕೊಳ್ಳಿ. ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಎಂಬ ಇನ್ನೊಂದು ಅಜೈಲ್ ಪದ್ಧತಿ ರೂಪುಗೊಂಡ, ಅಮೆರಿಕದ ಕಾರು ಕಂಪನಿ ಕ್ರೈಸ್ಲರ್‌ನ ಸಿ3 ಸಂಬಳ ಯೋಜನೆ 1997ರಲ್ಲಿ ಸುಮಾರು 10,000 ನೌಕರರಿಗೆ ಸಂಬಳ ಹಾಕತೊಡಗಿತು. ಕೆಲವೇ ತಿಂಗಳಲ್ಲಿ ಗ್ರಾಹಕ ಪ್ರತಿನಿಧಿ ಒತ್ತಡ ತಾಳಲಾರದೆ ಬಿಟ್ಟುಹೋದರು. ಆ ಜಾಗ ತುಂಬುವವರು ಸಿಗಲಿಲ್ಲ. 2000ದಲ್ಲಿ ಯೋಜನೆಯೇ ನಿಂತಿತು.

ಇನ್ನು ಕೇಳುವ ರೀತಿ. "ಓವರ್‌ಟೈಮ್ ಹೇಗೆ ಲೆಕ್ಕ ಹಾಕಬೇಕು?" ಎಂದು ಮೇಲ್ ಕಳಿಸಿದರೆ, ಮೂರು ದಿನ ಬಿಟ್ಟು "ನಿಯಮದ ಪ್ರಕಾರ" ಎಂಬ ಉತ್ತರ ಬರುತ್ತದೆ. ಹೀಗೆ ಕೇಳಿ: "8 ಗಂಟೆಯ ಪಾಳಿ 31ರ ರಾತ್ರಿ 10ಕ್ಕೆ ಶುರುವಾಗಿ 1ರ ಬೆಳಿಗ್ಗೆ 8ಕ್ಕೆ ಮುಗಿಯಿತು. ಹೆಚ್ಚಾದ 2 ಗಂಟೆ ಯಾವ ತಿಂಗಳಿಗೆ? ಅ) ಹಿಂದಿನದಕ್ಕೆ, ಆ) ಹೊಸದಕ್ಕೆ. ಬುಧವಾರದೊಳಗೆ ತಿಳಿಸದಿದ್ದರೆ ಈ ಸ್ಟೋರಿ ಮುಂದಿನ ಸ್ಪ್ರಿಂಟ್‌ಗೆ." (ಸ್ಟೋರಿ ಎಂದರೆ ಗ್ರಾಹಕರ ಒಂದು ಚಿಕ್ಕ ಬೇಡಿಕೆ, ಸ್ಪ್ರಿಂಟ್ ಎಂದರೆ ಕೆಲವು ವಾರಗಳ ಕೆಲಸದ ಒಂದು ಸುತ್ತು.) ಅವರು ಫೋನಿನಲ್ಲಿ ಒಂದಕ್ಷರ ಒತ್ತಿದರೆ ಸಾಕು. ಅದೇ ಉದಾಹರಣೆ ಅಕ್ಸೆಪ್ಟೆನ್ಸ್ ಟೆಸ್ಟ್, ಅಂದರೆ ಕೆಲಸ ಗ್ರಾಹಕರು ಕೇಳಿದಂತೆ ಆಗಿದೆಯೇ ಎಂದು ನೋಡುವ ಪರೀಕ್ಷೆ, ಕೂಡ ಆಗುತ್ತದೆ. ಬಟನ್ ಎಲ್ಲಿರಬೇಕು ಎಂಬಂಥದ್ದಕ್ಕೆ ಮೌನಂ ಸಮ್ಮತಿ ಲಕ್ಷಣಂ ನಡೆದೀತು, ಸಂಬಳದ ಲೆಕ್ಕಕ್ಕೆ ಖಂಡಿತ ಬೇಡ.

ವಾರದ ಕರೆಯಲ್ಲಿ ಸ್ಲೈಡ್ ಬೇಡ. ಹಳೆಯ ನಿರ್ಧಾರಗಳಿಗೆ 5 ನಿಮಿಷ, ಡೆಮೊಗೆ 35, ಮುಂದಿನ ಸ್ಟೋರಿಗಳ ಕ್ರಮಕ್ಕೆ 20. ಮೌಸ್ ಗ್ರಾಹಕರ ಕೈಯಲ್ಲಿರಲಿ. ಡೆವಲಪರ್ ಡೆಮೊ ಕೊಟ್ಟರೆ ತಾನು ಹತ್ತು ಸಲ ನಡೆದ ದಾರಿಯಲ್ಲೇ ಹೋಗುತ್ತಾನೆ. ಆಗ ಬರುವ "ಚೆನ್ನಾಗಿದೆ" ಬರೀ ಉಪಚಾರದ ಮಾತು. ಅವರೇ ಕ್ಲಿಕ್ ಮಾಡುವಾಗ ಎಲ್ಲಿ ತಡವರಿಸುತ್ತಾರೋ ಬರೆದುಕೊಳ್ಳಿ, ನಡುವೆ ಬಾಯಿ ಹಾಕಬೇಡಿ. ಡೇಟಾ ಅವರದೇ ಆಗಿರಲಿ, ಹೆಸರು ಮರೆಮಾಡಿದರಾಯಿತು. "ಟೆಸ್ಟ್ 1, ಟೆಸ್ಟ್ 2" ಎಂಬ ಸಾಲುಗಳಲ್ಲಿ ಸಂಬಳ ತಪ್ಪಾಗಿದ್ದರೂ ಯಾರ ಕಣ್ಣಿಗೂ ಬೀಳುವುದಿಲ್ಲ.

ಹೊಸ ಬೇಡಿಕೆ ಬಂದರೆ ಅಲ್ಲೇ ಹೂಂ ಅನ್ನಬೇಡಿ. ಇದು ಒಳಗೆ ಬಂದರೆ ಈ ಸ್ಪ್ರಿಂಟ್‌ನಿಂದ ಯಾವುದು ಹೊರಗೆ ಎಂದು ಅವರಿಂದಲೇ ಹೇಳಿಸಿ.

ಸಮಯದ ಮಾತೂ ಒಂದಿದೆ. ಇಲ್ಲಿಯ ರಾತ್ರಿ 8:30 ಎಂದರೆ ಬೇಸಿಗೆಯಲ್ಲಿ ಅಲ್ಲಿ ಬೆಳಿಗ್ಗೆ 8. ನವೆಂಬರ್‌ನಲ್ಲಿ ಅಲ್ಲಿನ ಗಡಿಯಾರ ಹಿಂದಕ್ಕೆ ಸರಿದ ಮೇಲೆ 7. ಆ ವಾರ ಗ್ರಾಹಕರು ಕರೆಗೆ ಬಾರದಿದ್ದರೆ ಮೊದಲು ಕ್ಯಾಲೆಂಡರ್ ನೋಡಿ.