ಪ್ರೊಫೆಸರ್ ಆದರೆ ರೋಗಿಗಳಿಂದ ದೂರ ಆಗ್ತೀವಾ?

ಪ್ರಶ್ನೆ: ಎಂಟು ವರ್ಷದಿಂದ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ವಿಶ್ವವಿದ್ಯಾಲಯದಲ್ಲಿ ನರ್ಸಿಂಗ್ ಪ್ರೊಫೆಸರ್ ಆಗುವ ಆಸೆ ಇದೆ. ಆದರೆ ರೋಗಿಗಳಿಂದ ದೂರ ಆಗಿಬಿಡುತ್ತೇನೇನೋ ಅನ್ನುವ ಅಳುಕು. ಹಾಗಾಗುತ್ತದೆಯೇ?

ಉತ್ತರ: ನಿಮ್ಮ ಕೈಯಿಂದ ಮಾಡುವ ಆರೈಕೆ ಕಡಿಮೆಯಾಗುತ್ತದೆ, ಅದು ನಿಜ. ಆದರೆ ನಿಮ್ಮ ಕಣ್ಣು ವಾರ್ಡು ಬಿಟ್ಟು ಹೋಗಬೇಕಾಗಿಲ್ಲ.

ಒಂದು ಬೆಳಗ್ಗೆ ಹೇಗಿರುತ್ತದೆ ನೋಡಿ. ವಿದ್ಯಾರ್ಥಿನಿ ಚಾರ್ಟ್ ತಂದು ತೋರಿಸುತ್ತಾಳೆ. ನಾಡಿ, ಬಿಪಿ, ಜ್ವರ ಎಲ್ಲ ಸರಿಯಾಗಿ ಬರೆದಿದ್ದಾಳೆ. ಉಸಿರಾಟದ ಮುಂದೆ 18. ಪಕ್ಕದ ಬೆಡ್ಡಿಗೂ 18. ಅದರಾಚೆಗೂ 18. ಎಣಿಸಿಲ್ಲ, ಸುಮ್ನೆ ಬರೆದಿದ್ದಾಳೆ ಅಂತ ಗೊತ್ತಾಗುತ್ತದೆ ಅಲ್ವಾ? ಬೈದರೆ ನಾಳೆ 17 ಅಂತ ಬರೆಯುತ್ತಾಳೆ, ಅಷ್ಟೆ. "ಬಾಮ್ಮಾ, ಇನ್ನೊಂದು ಸಲ ಎಣಿಸೋಣ" ಅಂತ ಕರೆದುಕೊಂಡು ಹೋಗಬೇಕು. ಎಣಿಸುತ್ತಿದ್ದಾರೆ ಅಂತ ಗೊತ್ತಾದರೆ ರೋಗಿಯ ಉಸಿರೇ ಬದಲಾಗುತ್ತದೆ. ಅದಕ್ಕೆ ನಾಡಿ ಹಿಡಿದ ಹಾಗೇ ಕೈ ಇಟ್ಟುಕೊಂಡು, ಎದೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ನೋಡಬೇಕು. ಎಣಿಸಿದರೆ 28! ದೊಡ್ಡವರಿಗೆ ಸಾಮಾನ್ಯವಾಗಿ ಇರಬೇಕಾದ್ದು 12ರಿಂದ 20. ರೋಗಿಯ ಸ್ಥಿತಿ ಕೆಡುವಾಗ ಎಷ್ಟೋ ಸಲ ಬಿಪಿ ಇಳಿಯುವ ಮೊದಲೇ ಉಸಿರು ಸುಳಿವು ಕೊಡುತ್ತದೆ. ಆ ಹುಡುಗಿ ಮುಂದೆ ಎಲ್ಲೇ ಕೆಲಸ ಮಾಡಿದರೂ ಆ ಒಂದು ನಿಮಿಷ ಬಿಡುವುದಿಲ್ಲ.

ಇದರಲ್ಲಿ ಕಷ್ಟದ್ದು ಪಾಠ ಹೇಳುವುದಲ್ಲ, ಕೈ ತಡೆದುಕೊಳ್ಳುವುದು. ರೋಗಿಗೆ ಅಪಾಯ ಇಲ್ಲದಿದ್ದಾಗ ಅವಳೇ ಮಾಡಲಿ ಅಂತ ಪಕ್ಕದಲ್ಲಿ ನಿಲ್ಲಬೇಕು. ವರ್ಷಗಟ್ಟಲೆ ತಾನೇ ಮುಂದೆ ಬಿದ್ದು ಮಾಡಿದವರಿಗೆ ಇದು ಬೇಗ ಒಗ್ಗುವುದಿಲ್ಲ.

ಇನ್ನು ಸಂಶೋಧನೆ. ಎಲ್ಲರಿಗೂ 18 ಅಂತ ಯಾಕೆ ಬರೆಯುತ್ತಾರೆ? ಸೋಮಾರಿತನವಾ, ಒಬ್ಬರ ಮೇಲೆ ರೋಗಿಗಳು ಜಾಸ್ತಿ ಬಿದ್ದಿದ್ದಾರಾ? ಇಂಥ ಪ್ರಶ್ನೆಯನ್ನು ವಾರ್ಡಿನಲ್ಲಿ ದುಡಿದವರೇ ಸರಿಯಾಗಿ ಕೇಳಬಲ್ಲರು. ನರ್ಸಿಂಗ್ ಪ್ರೊಫೆಸರ್ ಲಿಂಡಾ ಏಕನ್ ಮತ್ತು ಜೊತೆಗಾರರು 2014ರಲ್ಲಿ ಯುರೋಪಿನ 9 ದೇಶಗಳ 300 ಆಸ್ಪತ್ರೆಗಳ ಅಧ್ಯಯನ ಪ್ರಕಟಿಸಿದರು. ನರ್ಸ್ ಒಬ್ಬರ ಪಾಲಿಗೆ ಒಬ್ಬ ರೋಗಿ ಹೆಚ್ಚಾದ ಕಡೆ, ಆಪರೇಷನ್ ಆದ ರೋಗಿ ಆಸ್ಪತ್ರೆಗೆ ಸೇರಿದ 30 ದಿನದೊಳಗೆ ಸಾಯುವ ಸಂಭವ 7% ಹೆಚ್ಚು ಕಂಡಿತ್ತು. ಸಾವಿರಾರು ರೋಗಿಗಳ ಪರವಾಗಿ ಮಾತಾಡುವುದು ಅಂದರೆ ಇದೇ. ಇದನ್ನು ದೂರ ಹೋಗುವುದು ಅಂತ ನಾನು ಕರೆಯಲಾರೆ.

ದಾರಿ ಸಾಮಾನ್ಯವಾಗಿ ಹೀಗೆ: ಪದವಿ, ವಾರ್ಡಿನ ಅನುಭವ, ಸ್ನಾತಕೋತ್ತರ ಪದವಿ, ಪಿಎಚ್‌ಡಿ. ಉಪನ್ಯಾಸಕರಾಗಿ ಸೇರಿ ಮೆಟ್ಟಿಲು ಮೆಟ್ಟಿಲಾಗಿ ಪ್ರೊಫೆಸರ್ ಹುದ್ದೆಗೆ ಏರಬೇಕು. ನಿಯಮ ದೇಶದಿಂದ ದೇಶಕ್ಕೆ ಬೇರೆ. ಅಂದಹಾಗೆ, ಜಗತ್ತಿನ ಮೊದಲ ನರ್ಸಿಂಗ್ ಪ್ರೊಫೆಸರ್ ಅಂತ ಹೆಸರಾದವರು ಅಡಿಲೇಡ್ ನಟಿಂಗ್. 1907ರಲ್ಲಿ, ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ. ಅವರೂ ಆಸ್ಪತ್ರೆಯಲ್ಲಿ ದುಡಿದು ಬಂದವರೇ.

ನಿಮ್ಮ ಅಳುಕಿಗೆ ಕಾರಣ ಇಲ್ಲ ಅಂತಲ್ಲ. ಮೀಟಿಂಗು, ಉತ್ತರಪತ್ರಿಕೆ, ಅನುದಾನದ ಅರ್ಜಿ ಇವು ದಿನಗಳನ್ನು ನುಂಗಿಬಿಡುತ್ತವೆ. ವಾರ್ಡಿಗೆ ಕಾಲಿಡದೆ ತಿಂಗಳುಗಳೇ ಕಳೆಯಬಹುದು. ಆದ್ದರಿಂದ ಸಂದರ್ಶನದಲ್ಲಿ ಸಂಬಳಕ್ಕಿಂತ ಮೊದಲು ಇದನ್ನು ಕೇಳಿ: ವಾರದಲ್ಲಿ ಎಷ್ಟು ದಿನ ವಿದ್ಯಾರ್ಥಿಗಳ ಜೊತೆ ವಾರ್ಡಿನಲ್ಲಿರಬಹುದು? ಕೆಲವು ಕಡೆ ಆಸ್ಪತ್ರೆ, ವಿಶ್ವವಿದ್ಯಾಲಯ ಎರಡೂ ಸೇರಿ ಕೊಡುವ ಹುದ್ದೆಗಳಿವೆ. ನಿಮ್ಮಂಥವರು ಮೊದಲು ಹುಡುಕಬೇಕಾದ್ದು ಅದನ್ನೇ.