ದಾರವೇ ಹೊತ್ತೊಯ್ಯುವ ಗಾಳ

ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಪಾರ್ಕಿನಲ್ಲಿ, ಬೈಸನ್‌ಗಳ ಬೇಲಿಗೆ ಎದುರಾಗಿ, ನೀಲಗಿರಿ ಮರಗಳ ನಡುವೆ ಮೂರು ಕಾಂಕ್ರೀಟ್ ಕೊಳಗಳಿವೆ. 1930ರ ದಶಕದ ಕೊನೆಯಲ್ಲಿ ಕಟ್ಟಿದವು. ಅಲ್ಲಿಗೆ ಯಾರೂ ಮೀನು ಹಿಡಿಯಲು ಬರುವುದಿಲ್ಲ. ನೊಣದಂತೆ ಕಟ್ಟಿದ ಗಾಳದಿಂದ ಮೀನು ಹಿಡಿಯುವ ಫ್ಲೈ ಫಿಶಿಂಗ್‌ನ ಎಸೆತ, ಅಂದರೆ ಕಾಸ್ಟಿಂಗ್, ಕಲಿಯಲು ಬರುತ್ತಾರೆ. ಗಾಳದ ಜಾಗದಲ್ಲಿ ಉಣ್ಣೆಯ ಚೂರೊಂದನ್ನು ಕಟ್ಟಿಕೊಂಡು, ನೀರಲ್ಲಿ ತೇಲುವ ಬಳೆಗಳಿಗೆ ಗುರಿ ಇಡುತ್ತಾರೆ. ನಾನು ಮೊದಲ ಸಲ ರಾಡ್, ಅಂದರೆ ಗಾಳದ ಕೋಲು, ಹಿಡಿದದ್ದೂ ಅಲ್ಲೇ. ಆ ದಿನ ದಾರವೆಲ್ಲ ಕಾಲ ಬುಡದಲ್ಲೇ ಗುಡ್ಡೆ ಬಿತ್ತು. ಇನ್ನಷ್ಟು ಬಲ ಹಾಕಿದೆ, ಇನ್ನಷ್ಟು ಕೆಟ್ಟಿತು.

ನಮ್ಮ ಕೈಗೆ ಗೊತ್ತಿರುವುದು ಕಲ್ಲೆಸೆತ. ಊರ ಹೊಳೆಯಲ್ಲಿ ಎರೆಹುಳು ಚುಚ್ಚಿ ಗಾಳ ಹಾಕುವಾಗಲೂ ತುದಿಯ ಸೀಸದ ಗುಂಡು ಮುಂದೆ ಹಾರುತ್ತದೆ, ದಾರ ಅದರ ಬೆನ್ನು ಹತ್ತುತ್ತದೆ. ಇಲ್ಲಿ ಅದೆಲ್ಲ ತಿರುಗುಮುರುಗು. ಗರಿ, ನೂಲು ಸುತ್ತಿ ನೊಣದಂತೆ ಕಟ್ಟಿದ ಗಾಳಕ್ಕೆ ತೂಕವೇ ಇಲ್ಲ ಎನ್ನಬೇಕು. ಭಾರವಿರುವುದು ದಾರಕ್ಕೆ. ಹೆಚ್ಚಾಗಿ ಬಳಸುವ 5ನೇ ನಂಬರಿನ ದಾರದಲ್ಲಿ ಮೊದಲ 30 ಅಡಿ ಸುಮಾರು 9 ಗ್ರಾಂ ತೂಗುತ್ತದೆ. ಅಷ್ಟುದ್ದಕ್ಕೆ ಹರಡಿಕೊಂಡ ಭಾರವನ್ನು ಎಸೆಯುವುದು ಹೇಗೆ?

ಪುರೋಹಿತರು ಮಾವಿನೆಲೆಯಿಂದ ತೀರ್ಥ ಪ್ರೋಕ್ಷಿಸುವುದನ್ನು ನೆನೆಸಿಕೊಳ್ಳಿ. ಎಲೆ ವೇಗವಾಗಿ ಬಂದು ಗಕ್ಕನೆ ನಿಲ್ಲುತ್ತದೆ. ಹನಿಗಳು ನಿಲ್ಲುವುದಿಲ್ಲ, ಸಿಕ್ಕ ವೇಗದಲ್ಲೇ ಹಾರಿ ನಮ್ಮ ಮೇಲೆ ಬೀಳುತ್ತವೆ. ರಾಡ್ ಮಾಡುವುದೂ ಇದನ್ನೇ. ಕ್ರಮೇಣ ವೇಗ ಏರಿಸಿ ತಟ್ಟನೆ ನಿಲ್ಲಿಸಿದರೆ, ದಾರ ರಾಡಿನ ತುದಿಯನ್ನು ದಾಟಿ ಓಡುತ್ತದೆ. ಆದರೆ ಅದರ ಒಂದು ಕೊನೆ ತುದಿಗೇ ಅಂಟಿದೆಯಲ್ಲ, ಹಾಗಾಗಿ ಘಾಟಿ ರಸ್ತೆಯ ಹೇರ್‌ಪಿನ್ ತಿರುವಿನಂತೆ ಮಡಚಿಕೊಳ್ಳುತ್ತದೆ. ಇದೇ ಲೂಪ್. ಕೆಳಗಿನ ಎಳೆ ಹೆಚ್ಚುಕಡಿಮೆ ನಿಂತಿರುತ್ತದೆ, ಮೇಲಿನದು ಓಡುತ್ತಿರುತ್ತದೆ, ಮಡಿಕೆಯ ಮೂಗು ಅದರ ಅರ್ಧ ವೇಗದಲ್ಲಿ ಸಾಗುತ್ತದೆ. ಉರುಳುವ ಗಾಡಿಯ ಚಕ್ರವೂ ಹೀಗೆಯೇ: ನೆಲ ಮುಟ್ಟಿದ ಬಿಂದುವಿಗೆ ಆ ಕ್ಷಣ ಚಲನೆಯಿಲ್ಲ, ನೆತ್ತಿಗೆ ಅಚ್ಚಿನ ಎರಡರಷ್ಟು ವೇಗ.

ಲೂಪ್ ಬಿಚ್ಚಿಕೊಂಡಂತೆ ಓಡುವ ಎಳೆ ಗಿಡ್ಡವಾಗುತ್ತದೆ. ಉಳಿದ ಶಕ್ತಿಯೆಲ್ಲ ಕಡಿಮೆ ಕಡಿಮೆ ಭಾರದಲ್ಲಿ ಕೂಡಿಕೊಳ್ಳುತ್ತದೆ. ಬಾರುಕೋಲಿನ ತುದಿ ಶಬ್ದದ ವೇಗವನ್ನೂ ಮೀರಿ ‘ಛಟ್’ ಎನ್ನುವುದು ಈ ಕಾರಣಕ್ಕೇ. ಕಾಸ್ಟಿಂಗ್‌ನಲ್ಲಿ ಗಾಳಿಯ ತಡೆ ಬಹುಪಾಲನ್ನು ನುಂಗಿಬಿಡುತ್ತದೆ, ಮಿಕ್ಕದ್ದು ಗಾಳವನ್ನು ಮಗುಚಿ ಹಾಕಲು ಸಾಕು. ಎಸೆತದಲ್ಲಿ ದಾರವನ್ನು ಮೊದಲು ಹಿಂದಕ್ಕೆ, ಆಮೇಲೆ ಮುಂದಕ್ಕೆ ಬೀಸಬೇಕು. ಆದರೆ ಹಿಂದಕ್ಕೆ ಹೋದ ದಾರ ಪೂರ್ತಿ ಬಿಚ್ಚಿಕೊಳ್ಳುವ ಮೊದಲೇ ಅವಸರಪಟ್ಟು ಮುಂದೆ ಹೊರಟರೆ ಅದೇ ‘ಛಟ್’ ಕೇಳಿಸುತ್ತದೆ, ಎಷ್ಟೋ ಸಲ ಗಾಳವೇ ಕಿತ್ತುಹೋಗಿರುತ್ತದೆ. ಹೆಚ್ಚು ಕಾದರೂ ಕಷ್ಟ, ದಾರ ಜೋತುಬೀಳುತ್ತದೆ. ದಾರ ಉದ್ದವಾದಷ್ಟೂ ಕಾಯುವಿಕೆ ಉದ್ದ. ನನಗೆ ಅತ್ಯಂತ ಕಷ್ಟವಾದದ್ದು ಈ ಏನೂ ಮಾಡದೆ ಇರಬೇಕಾದ ಗಳಿಗೆ.

ಇನ್ನೊಂದು ಸೂಕ್ಷ್ಮ ರಾಡಿನ ತುದಿ ಸಾಗುವ ದಾರಿಯಲ್ಲಿದೆ. ತುದಿ ನೆಟ್ಟಗೆ ಸಾಗಿದರೆ ಲೂಪ್ ಕಿರಿದಾಗಿ ಗಾಳಿಯನ್ನು ಸೀಳುತ್ತದೆ. ಮಣಿಕಟ್ಟು ಸಡಿಲಬಿಟ್ಟು ಬೀಸಣಿಗೆಯಂತೆ ಬೀಸಿದರೆ ತುದಿ ಕಮಾನು ಬರೆಯುತ್ತದೆ, ಲೂಪ್ ಅಗಲವಾಗಿ ಸೋತುಹೋಗುತ್ತದೆ. ಬಾಗದ ಕೋಲಿನ ತುದಿ ಕಮಾನನ್ನೇ ಬರೆಯಬೇಕು. ಬಾಗುವ ರಾಡ್ ನಡುವೆ ಗಿಡ್ಡವಾಗಿ, ಕೊನೆಯಲ್ಲಿ ಮತ್ತೆ ಉದ್ದವಾಗಿ ಆ ಕಮಾನನ್ನು ಸಪಾಟು ಮಾಡುತ್ತದೆ. ಅದಕ್ಕೇ ವೇಗ ಸಮನಾಗಿ ಏರಬೇಕು. ನಡುವೆ ಜಗ್ಗಿದರೆ ರಾಡ್ ಅತಿಯಾಗಿ ಬಾಗಿ ತುದಿ ಕುಸಿಯುತ್ತದೆ, ಮೇಲಿನ ಎಳೆ ಕೆಳಗಿನದನ್ನು ದಾಟಿ ಗಂಟು ಬೀಳುತ್ತದೆ. ಬೆಸ್ತ ಹವ್ಯಾಸಿಗಳು ಅದನ್ನು ‘ವಿಂಡ್ ನಾಟ್’, ಗಾಳಿಗಂಟು, ಎನ್ನುತ್ತಾರೆ. ಹೆಚ್ಚಿನ ಸಲ ಪಾಪ ಗಾಳಿಯದೇನೂ ತಪ್ಪಿರುವುದಿಲ್ಲ.

ತೋಳ್ಬಲಕ್ಕೂ ಇದಕ್ಕೂ ಎಷ್ಟು ದೂರ ಎಂಬುದಕ್ಕೆ ನನಗೆ ಜೋನ್ ವುಲ್ಫ್ ಸಾಕು. ಆಕೆ ನೃತ್ಯ ಕಲಿಸುತ್ತಿದ್ದವರು. 1943ರಿಂದ 1960ರ ನಡುವೆ ಅಮೆರಿಕದ 17 ರಾಷ್ಟ್ರೀಯ ಕಾಸ್ಟಿಂಗ್ ಪ್ರಶಸ್ತಿಗಳನ್ನು ಗೆದ್ದರು. 1951ರಲ್ಲಿ ದೂರ ಎಸೆತದ ಸ್ಪರ್ಧೆಯೊಂದರಲ್ಲಿ ಎದುರಾಳಿಗಳೆಲ್ಲ ಗಂಡಸರೇ, ಗೆದ್ದದ್ದು ಅವರು. 1960ರಲ್ಲಿ 161 ಅಡಿ ಎಸೆದರು.

ಕಲಿಯುವವರಿಗೆ ನದಿ ಬೇಡ, ಹುಲ್ಲುಹಾಸು ಸಾಕು. ರಾಡನ್ನು ನೆಲಕ್ಕೆ ಸಮಾನಾಂತರವಾಗಿ ಮಲಗಿಸಿ 30 ಅಡಿ ದಾರದಲ್ಲಿ ಬೀಸಿ: ಹಿಂದಿನ ಲೂಪ್, ಮುಂದಿನ ಲೂಪ್ ಎರಡೂ ಕಣ್ಣೆದುರೇ ಕಾಣುತ್ತವೆ. ಫೋನಿನ ಸ್ಲೋ ಮೋಷನ್‌ನಲ್ಲಿ ನೋಡಿದರೆ ಕೈ ಎಲ್ಲಿ ನಿಂತಿತು, ನಿಂತಿತೋ ಇಲ್ಲವೋ, ಎಲ್ಲ ಬಯಲಾಗುತ್ತದೆ. ದಣಿದ ಕೈ ತಪ್ಪನ್ನೇ ರೂಢಿ ಮಾಡಿಕೊಳ್ಳುತ್ತದೆ, ಆದ್ದರಿಂದ ನಾನು ಹದಿನೈದು ನಿಮಿಷಕ್ಕೆ ಮುಗಿಸುತ್ತೇನೆ. ಎಡಗೈಯಿಂದ ದಾರ ಜಗ್ಗಿ ವೇಗ ಹೆಚ್ಚಿಸುವ ಡಬಲ್ ಹಾಲ್ ನನಗಿನ್ನೂ ಬಾಕಿ. ಕೊಳದ ಬಳಿ ಕಲಿಸುವ ಹಿರಿಯರಲ್ಲಿ ಕೇಳಿದೆ. ದಾರವನ್ನು ಬಲಗೈ ತೋರುಬೆರಳಿನಡಿ ಒತ್ತಿಹಿಡಿ, ಬಲಗೈ ನಿಲ್ಲುವುದನ್ನು ಕಲಿಯುವತನಕ ಎಡಗೈ ಜೇಬಿನಲ್ಲೇ ಇರಲಿ ಎಂದರು.