ಫರ್ನೇಸ್ ಫಿಲ್ಟರ್: ದೊಡ್ಡ ನಂಬರಿನದೇ ಒಳ್ಳೆಯದಾ?

ಪ್ರಶ್ನೆ: ಈ ವರ್ಷ ನ್ಯೂಜೆರ್ಸಿಯಲ್ಲಿ ಮನೆ ತಗೊಂಡೆವು. ಚಳಿ ಶುರುವಾಗಿದೆ, ಮನೆ ಬೆಚ್ಚಗಿಡುವ ಫರ್ನೇಸಿನ ಫಿಲ್ಟರ್ ಬದಲಿಸಬೇಕು. ಅಂಗಡಿಯಲ್ಲಿ ನೋಡಿದರೆ ಒಂದೇ ಅಳತೆಯಲ್ಲಿ ಹತ್ತಾರು ಥರ, ಒಂದೊಂದಕ್ಕೂ ಒಂದೊಂದು ನಂಬರ್. ಮಗನಿಗೆ ಧೂಳಿನ ಅಲರ್ಜಿ. ದುಡ್ಡು ಹೋದರೆ ಹೋಗಲಿ ಅಂತ ಎಲ್ಲಕ್ಕಿಂತ ದೊಡ್ಡ ನಂಬರಿನದು ಹಾಕಿಬಿಡಬಹುದಾ?

ಉತ್ತರ: ಮೊದಲು ಹಳೆಯ ಫಿಲ್ಟರ್ ಎಳೆದು ಅದರ ದಪ್ಪ ನೋಡಿ. ಒಂದು ಇಂಚಿನದಾದರೆ ಮರ್ವ್ (MERV, ಫಿಲ್ಟರ್ ಎಷ್ಟು ಚೆನ್ನಾಗಿ ಕಣ ಹಿಡಿಯುತ್ತದೆ ಅನ್ನೋ ಅಳತೆ) 8 ಅಥವಾ 11 ತಗೊಳ್ಳಿ. ನಾಲ್ಕೈದು ಇಂಚಿನದಾದರೆ ಸಾಮಾನ್ಯವಾಗಿ 13 ಹಾಕಬಹುದು.

ನಂಬರ್ ಜಾಸ್ತಿಯಾದಷ್ಟೂ ಫಿಲ್ಟರ್ ಸಣ್ಣ ಕಣ ಹಿಡಿಯುತ್ತದೆ, ಸರಿ. ಆದರೆ ಒಂದಿಂಚಿನ ಚೌಕಟ್ಟಿನಲ್ಲಿ ಅಷ್ಟು ಒತ್ತಾದ ಬಟ್ಟೆ ಕೂರಿಸಿದರೆ ಗಾಳಿ ದಾಟಲು ಕಷ್ಟ. ಗಾಳಿ ದೂಡುವ ಬ್ಲೋವರ್ ತಿಣುಕುತ್ತದೆ. ಸಾಕಷ್ಟು ಗಾಳಿ ಬಾರದೆ ಫರ್ನೇಸ್ ಒಳಗೇ ಅತಿಯಾಗಿ ಕಾದು, ಅತಿ ಕಾವನ್ನು ತಡೆಯುವ ಲಿಮಿಟ್ ಸ್ವಿಚ್ ಬೆಂಕಿ ಆರಿಸುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ಹೊತ್ತುತ್ತದೆ, ಮತ್ತೆ ಆರುತ್ತದೆ. ಮನೆ ಮಾತ್ರ ಬೆಚ್ಚಗಾಗುವುದಿಲ್ಲ. ಬೇಸಿಗೆಯಲ್ಲಿ ಎಸಿಗೂ ಅದೇ ಬ್ಲೋವರ್ ಅಲ್ವಾ, ಆಗ ಗಾಳಿ ತಂಪು ಮಾಡುವ ಕಾಯಿಲ್ ಮೇಲೆ ಐಸ್ ಕಟ್ಟಬಹುದು. ನಾಲ್ಕಿಂಚಿನ ಫಿಲ್ಟರಿನಲ್ಲಿ ಮಡಿಕೆಗಳು ಆಳವಾಗಿರುವುದರಿಂದ ಗಾಳಿ ಹಾಯಲು ಜಾಗ ಜಾಸ್ತಿ. ಹಾಗಾಗಿ ಅಲ್ಲಿ 13 ಅಷ್ಟು ಭಾರವಾಗುವುದಿಲ್ಲ.

ಈಗ ಮಗನ ಅಲರ್ಜಿ. ಹೂವಿನ ಪರಾಗ, ಧೂಳಿನ ಹುಳದ ಕಸ ಹೆಚ್ಚಾಗಿ ದೊಡ್ಡ ಕಣಗಳೇ. 3ರಿಂದ 10 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಕಣಗಳಲ್ಲಿ ಮರ್ವ್ 8 ಕನಿಷ್ಠ ಶೇ. 70 ಹಿಡಿಯಬೇಕು, 11 ಆದರೆ ಶೇ. 85, 13 ಆದರೆ ಶೇ. 90. ಅಂದರೆ 11ರಿಂದ 13ಕ್ಕೆ ಹೋದರೆ ಧೂಳಿನ ಮಟ್ಟಿಗೆ ಸಿಗುವ ಲಾಭ ಅಷ್ಟಕ್ಕಷ್ಟೇ. ನಿಮ್ಮ ಮನೆಗೆ ನಾನು 11 ಅನ್ನುತ್ತೇನೆ. 13ರ ನಿಜವಾದ ಕೆಲಸ ಇರುವುದು ಹೊಗೆಯಂಥ ನುಣ್ಣನೆ ಕಣಗಳಲ್ಲಿ. 2023ರ ಜೂನ್‌ನಲ್ಲಿ ಕೆನಡಾದ ಕಾಡ್ಗಿಚ್ಚಿನ ಹೊಗೆ ನ್ಯೂಯಾರ್ಕ್, ನ್ಯೂಜೆರ್ಸಿ ಕಡೆ ಆಕಾಶವನ್ನೇ ಕಿತ್ತಳೆ ಮಾಡಿತ್ತಲ್ಲ, ಅಂಥ ದಿನಗಳಿಗೆ ಅದು ಬೇಕು. ಅಮೆರಿಕದ ಪರಿಸರ ಸಂಸ್ಥೆ ಇಪಿಎ ಕೂಡ 13 ಹಾಕಿ, ಇಲ್ಲವೇ ನಿಮ್ಮ ಸಿಸ್ಟಮ್ ತಡೆಯುವಷ್ಟು ಹೆಚ್ಚಿನದು ಹಾಕಿ ಎನ್ನುತ್ತದೆ. ಜನ ಮೊದಲರ್ಧ ಮಾತ್ರ ನೆನಪಿಟ್ಟುಕೊಳ್ಳುತ್ತಾರೆ.

ಅಂಗಡಿಯಲ್ಲಿ ಇನ್ನೊಂದು ಗೊಂದಲ ಇದೆ. ಮರ್ವ್ ಬದಲು ಫಿಲ್ಟ್ರೀಟ್ ಬ್ರ್ಯಾಂಡಿನವರದು ಎಂಪಿಆರ್ ಅನ್ನೋ ತಮ್ಮದೇ ಲೆಕ್ಕ, ಹೋಮ್ ಡಿಪೋ ಅಂಗಡಿಯವರದು ಎಫ್‌ಪಿಆರ್. ಎಂಪಿಆರ್ 1900 ಅಂದರೆ ಸುಮಾರು ಮರ್ವ್ 13. ಆ ದೊಡ್ಡ ಅಂಕಿಗಳಿಗೆ ಬೆರಗಾಗದೆ ಸಣ್ಣ ಅಕ್ಷರದಲ್ಲಿ ಮರ್ವ್ ಎಷ್ಟಿದೆ ಹುಡುಕಿ. ಅಳತೆಯನ್ನು ಹಳೆಯ ಚೌಕಟ್ಟಿನ ಮೇಲೆ ಬರೆದ ಹಾಗೇ ಕೊಳ್ಳಿ. 16×25×1 ಅಂತ ಬರೆದಿದ್ದರೂ ಟೇಪ್ ಹಿಡಿದರೆ ಸ್ವಲ್ಪ ಕಡಿಮೆಯೇ ಬರುತ್ತದೆ, ಅದು ಸರಿಯೇ. ಬಾಣದ ಗುರುತು ಫರ್ನೇಸಿನ ಕಡೆಗಿರಲಿ.

ಒಂದಿಂಚಿನದನ್ನು ತಿಂಗಳಿಗೊಮ್ಮೆ ನೋಡಿ, ಹೆಚ್ಚೆಂದರೆ ಮೂರು ತಿಂಗಳಿಗೆ ಬದಲಿಸಿ. ಕೊಳೆ ತುಂಬಿದ 8ಕ್ಕಿಂತ ಹೊಸ 11 ಗಾಳಿಯನ್ನು ಸಲೀಸಾಗಿ ಬಿಡುತ್ತದೆ.

ನಮ್ಮ ಮನೆಗಳ ಒಂದು ವಿಷಯ: ಒಗ್ಗರಣೆ ಘಾಟು, ಊದುಬತ್ತಿ ಹೊಗೆ. ಇದಕ್ಕೆ ಫಿಲ್ಟರ್ ನಂಬಬೇಡಿ. ಥರ್ಮೋಸ್ಟಾಟ್‌ನಲ್ಲಿ ಫ್ಯಾನ್ ಆಟೋದಲ್ಲಿದ್ದರೆ ಶಾಖ ಬೇಕಾದಾಗ ಮಾತ್ರ ಬ್ಲೋವರ್ ಓಡುತ್ತದೆ. ಉಳಿದ ಹೊತ್ತು ಫಿಲ್ಟರ್ ಸುಮ್ನೆ ಕೂತಿರುತ್ತದೆ. ಒಲೆ ಮೇಲಿನ ಫ್ಯಾನ್ ಗಾಳಿಯನ್ನು ಹೊರಗೆ ಬಿಡುತ್ತದೋ, ತಿರುಗಿ ಅಡುಗೆಮನೆಗೇ ಊದುತ್ತದೋ ಮೊದಲು ನೋಡಿ. ಎಷ್ಟೋ ಮೈಕ್ರೋವೇವ್ ಫ್ಯಾನ್‌ಗಳು ಒಳಗೇ ಊದುತ್ತವೆ. ಕಾರ್ಬನ್ ಮೋನಾಕ್ಸೈಡನ್ನಂತೂ ಯಾವ ಮರ್ವ್ ಫಿಲ್ಟರೂ ಹಿಡಿಯುವುದಿಲ್ಲ, ಅದಕ್ಕೆ ಬೇರೆ ಅಲಾರಂ ಇರಲೇಬೇಕು.

ಹೊಸ ಫಿಲ್ಟರ್ ಹಾಕಿದ ಮೇಲೆ ಶಿಳ್ಳೆಯಂಥ ಸದ್ದು ಬಂದರೆ ಅಥವಾ ವೆಂಟ್‌ಗಳಲ್ಲಿ ಗಾಳಿ ಸಪ್ಪೆಯಾದರೆ ಒಂದು ಮೆಟ್ಟಿಲು ಇಳಿಯಿರಿ. 13 ಬೇಕೇ ಬೇಕು ಅಂದರೆ ಸರ್ವಿಸ್‌ಗೆ ಬಂದವರ ಹತ್ತಿರ ಸ್ಟ್ಯಾಟಿಕ್ ಪ್ರೆಷರ್ (ಗಾಳಿ ದೂಡಲು ಬ್ಲೋವರ್ ಎದುರಿಸುವ ಒತ್ತಡ) ಅಳೆಸಿ, ನಾಲ್ಕಿಂಚಿನ ಫಿಲ್ಟರ್ ಪೆಟ್ಟಿಗೆ ಕೂರಿಸಲು ಎಷ್ಟಾಗುತ್ತದೆ ಕೇಳಿ.